ಲಿಂಪೆಟ್ ಮನೆಗೆ ವಾಪಸ್ ಬಂತಾ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ. ಎರಡನೇ ವರ್ಷದ ವಿದ್ಯಾರ್ಥಿನಿ. ಜೂನ್‌ನಲ್ಲಿ ಹತ್ತು ದಿನ ವೇಲ್ಸ್‌ನ ಪೆಂಬ್ರೋಕ್‌ಶೈರ್ ಕಡಲತೀರಕ್ಕೆ ಅಧ್ಯಯನ ಪ್ರವಾಸ ಇದೆ. ನನಗೆ ಪಫಿನ್ ಅನ್ನೋ ಕಡಲಹಕ್ಕಿ, ಸೀಲ್ ಮರಿ ನೋಡುವ ಆಸೆ. ಆದರೆ ಆರು ದಿನ ಬರೀ ಬಂಡೆ, ಪಾಚಿ, ಚಿಪ್ಪುಹುಳು ಎಣಿಸೋದಂತೆ. ಅದರಲ್ಲಿ ಕಲಿಯೋದೇನಿದೆ?

ಉತ್ತರ: ನಾನು ಓದುವಾಗ ಅದೇ ತೀರಕ್ಕೆ ಹೋಗಿ, ಮೊದಲ ದಿನ ನಿಮ್ಮ ಹಾಗೇ ಮುಖ ಸಿಂಡರಿಸಿದ್ದೆ. ಮೂರನೇ ದಿನಕ್ಕೆ ಬಂಡೆ ಬಿಟ್ಟು ಏಳೋಕೇ ಮನಸ್ಸಿರಲಿಲ್ಲ.

ಕಾರಣ ಲಿಂಪೆಟ್. ಬಂಡೆಗೆ ಅಂಟಿಕೊಂಡ, ಪುಟ್ಟ ಟೋಪಿಯಂಥ ಚಿಪ್ಪಿನ ಹುಳು. ಒಂದೇ ಜಾಗದಲ್ಲಿ ಕೂತು ಕೂತು ಅದರ ಅಂಚು ಆ ಕಲ್ಲಿನ ಉಬ್ಬುತಗ್ಗಿಗೆ ಸರಿಯಾಗಿ ಹೊಂದಿಕೊಂಡಿರುತ್ತದೆ. ಮೇಯಲು ಹೊರಟದ್ದು, ನೀರಿಳಿದು ಬಂಡೆ ಒಣಗುವ ಮುಂಚೆ ಅದೇ ಜಾಗಕ್ಕೆ ವಾಪಸ್ ಬರುತ್ತದೆ. ನಾವು ಹತ್ತು ಚಿಪ್ಪಿಗೂ ಅವುಗಳ ಪಕ್ಕದ ಕಲ್ಲಿಗೂ ಕೆಂಪು ನೈಲ್‌ಪಾಲಿಶ್ ಚುಕ್ಕೆ ಇಟ್ಟೆವು. ಮರುದಿನ ನೋಡಿದರೆ ಒಂಬತ್ತು ಚುಕ್ಕೆಗಳು ಜೋಡಿಯಾಗೇ ಇದ್ದವು. ಹತ್ತನೆಯದರ ಚಿಂತೆಯಲ್ಲಿ ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ಹೇಳ್ತಿಲ್ಲ!

ಆಮೇಲೆ ಬಾರ್ನಕಲ್, ಬಂಡೆಗೆ ಅಂಟಿಕೊಂಡೇ ಬದುಕುವ ಗಟ್ಟಿ ಚಿಪ್ಪಿನ ಪುಟ್ಟ ಜೀವಿ. ಬಂಡೆಯ ಮೇಲ್ಭಾಗದಲ್ಲಿ ಒಂದು ಜಾತಿ, ಕೆಳಗೆ ಇನ್ನೊಂದು. ಮೇಲಿನದಕ್ಕೆ ಕೆಳಗೆ ಬದುಕಲು ಆಗೋದೇ ಇಲ್ವಾ? ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಸ್ಕಾಟ್ಲೆಂಡಿನ ತೀರದಲ್ಲಿ ಕೆಳಗಿನ ಜಾತಿಯನ್ನು ಕೆರೆದು ತೆಗೆದು ನೋಡಿದರು. ಮೇಲಿನದು ಕೆಳಗೂ ಚೆನ್ನಾಗೇ ಬದುಕಿತು. ಅಂದರೆ ಅದನ್ನು ಮೇಲೆ ತಳ್ಳಿದ್ದು ಪಕ್ಕದ ಮನೆಯವರ ಕಾಟ! 1961ರಲ್ಲಿ ಪ್ರಕಟವಾದ ಆ ಪ್ರಯೋಗವನ್ನು ಇಂದಿಗೂ ಪಾಠ ಮಾಡುತ್ತಾರೆ. ಬಂಡೆಯ ಮೇಲೆ ಚೌಕಟ್ಟು ಇಟ್ಟು ಅದರೊಳಗಿನ ಬಾರ್ನಕಲ್ ಎಣಿಸುವಾಗ ಇದು ನೆನಪಿರಲಿ, ಬೇಜಾರು ಕಡಿಮೆಯಾಗುತ್ತದೆ.

ತಯಾರಿ ಅಂದರೆ ಮೊದಲು ಉಬ್ಬರ ಇಳಿತದ ಪಟ್ಟಿ ಓದಲು ಕಲಿಯಿರಿ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಅತಿ ದೂರ ಸರಿಯುತ್ತದೆ, ವಾಪಸ್ ಬರುವುದೂ ಜೋರಾಗೇ. ಮೊದಲು ನೀರಿನ ಅಂಚಿನಲ್ಲಿ ಎಣಿಸಿ, ಆಮೇಲೆ ಮೇಲಕ್ಕೆ ಬನ್ನಿ. ಪೆನ್ಸಿಲ್ ಒಯ್ಯಿರಿ. ನಾನು ಜೆಲ್ ಪೆನ್ನಲ್ಲಿ ಬರೆದ ಒಂದು ಬೆಳಗಿನ ಲೆಕ್ಕವೆಲ್ಲ ಮಳೆಗೆ ನೀಲಿ ಕಲೆಯಾಗಿ ಹೋಯಿತು. ತಿರುವಿದ ಕಲ್ಲನ್ನು ಮೊದಲಿದ್ದ ಹಾಗೇ ಇಡಿ. ಅಡಿಯಲ್ಲಿರುವ ಜೀವಗಳಿಗೆ ಬಿಸಿಲು ತಡೆಯೋಕಾಗಲ್ಲ. ಒಮ್ಮೆ ಮರೆತು, ಎಲ್ಲರ ಮುಂದೆ ಬೈಸಿಕೊಂಡಿದ್ದೇನೆ.

ಪಫಿನ್ ಜೂನ್‌ನಲ್ಲಿ ಆ ತೀರದ ಹತ್ತಿರದ ಸ್ಕೋಮರ್ ದ್ವೀಪದಲ್ಲಿರುತ್ತವೆ, ಸಿಗುತ್ತವೆ ಬಿಡಿ. ಸೀಲ್ ಮರಿಗಳು ಮಾತ್ರ ಇಲ್ಲ. ಅಲ್ಲಿನ ಬೂದು ಸೀಲ್‌ಗಳು ಮರಿ ಹಾಕುವುದು ಅಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ, ಅಂದರೆ ಆಗಸ್ಟ್ ಕೊನೆಯಿಂದ.

ಅಂದಹಾಗೆ, ನಮ್ಮ ಹತ್ತನೇ ಲಿಂಪೆಟ್ ಮತ್ತೆ ಕಾಣಿಸಲೇ ಇಲ್ಲ. ಕಲ್ಲಿನ ಮೇಲೆ ಕೆಂಪು ಚುಕ್ಕೆಯೊಂದೇ ಉಳಿದಿತ್ತು.