ಟೇಪು ಹಿಡಿದುಕೊಂಡು ವಾರ್ಡ್ ಸಭೆಗೆ ಹೋಗಿ

ಪ್ರಶ್ನೆ: ಅಕ್ಕಾ, ನಾನು ಕಾಸರಗೋಡು ಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದೇನೆ. ಬಾಡಿಗೆ ಮನೆ. ಕೇರಳ ಸರ್ಕಾರದ ಮನೆ ಯೋಜನೆ ಲೈಫ್ ಮಿಷನ್‌ಗೆ ಅರ್ಜಿ ಹಾಕಿದ್ದೇವೆ. ಪೇಟೆಯಲ್ಲಿ ಜಾಗದ ಬೆಲೆ ಕೇಳುವ ಹಾಗೇ ಇಲ್ಲ, ಗುಡ್ಡದ ಮೇಲೆ ಮೂರು ಸೆಂಟ್ಸ್ ಕಡಿಮೆಗೆ ಸಿಗುತ್ತದಂತೆ. ವಾರ್ಡ್ ಸಭೆಗೆ ಹೋಗುತ್ತೇನೆ ಅಂದರೆ ಮನೆಯವರು "ಅಲ್ಲಿ ಎಲ್ಲ ಮೊದಲೇ ತೀರ್ಮಾನ ಆಗಿರುತ್ತದೆ, ಮಾತೆಲ್ಲ ಮಲಯಾಳದಲ್ಲಿ, ಸುಮ್ನೆ ಒಂದು ದಿನದ ಸಂಬಳ ಯಾಕೆ ಕಳೆಯುತ್ತಿ" ಅನ್ನುತ್ತಾರೆ. ಹೋಗಲಾ?

ಉತ್ತರ: ಹೋಗಿ. ನಿಮ್ಮ ಮನೆಯವರು ಹೇಳಿದ್ದು ಪೂರ್ತಿ ಸುಳ್ಳಲ್ಲ. ನಾನು ಹೋದ ಮೊದಲ ಸಭೆಯಲ್ಲಿ ಸಹಿ ಹಾಕಿ ಚಾ ಕುಡಿದು ಎದ್ದವರೇ ಜಾಸ್ತಿ, ನಾನೂ ಅವರಲ್ಲೊಬ್ಬಳು. ಆದರೆ 1994ರ ಕೇರಳ ಮುನಿಸಿಪಾಲಿಟಿ ಕಾಯ್ದೆಯ ಪ್ರಕಾರ ಕಾಸರಗೋಡಿನಂಥ ಸಣ್ಣ ನಗರಸಭೆಯಲ್ಲಿ ವಾರ್ಡಿನ ಮತದಾರರೆಲ್ಲ ಆ ಸಭೆಯ ಸದಸ್ಯರೇ. ಮನೆ ಸಿಗುವವರ ಪಟ್ಟಿಯೂ ಆ ಸಭೆಗೆ ಬರುತ್ತದೆ. ನಿಮ್ಮ ಹೆಸರು ಬಿಟ್ಟುಹೋಗಿದ್ದರೆ ಅಲ್ಲೇ ಕೇಳಬೇಕು, ಆಮೇಲೆ ಕೇಳಿದರೆ ಕಚೇರಿಯಿಂದ ಕಚೇರಿಗೆ ಅಲೆಯುವುದೇ ಕೆಲಸ.

ಇನ್ನು ಆ ಮೂರು ಸೆಂಟ್ಸ್. ಅಡ್ವಾನ್ಸ್ ಕೊಡುವ ಮೊದಲು ಒಂದು ಸಲ ಮಳೆಯಲ್ಲಿ, ನೀವು ಅಂಗಡಿ ಮುಚ್ಚಿ ಹೊರಡುವ ಹೊತ್ತಿಗೆ, ಪೇಟೆಯಿಂದ ಅಲ್ಲಿಗೆ ನಡೆದು ನೋಡಿ. ಲೈಫ್ ಮಿಷನ್‌ನಲ್ಲಿ ಮನೆ ಕಟ್ಟಲು ಸಿಗುವುದು 4 ಲಕ್ಷ. ಗುಡ್ಡಕ್ಕೆ ಲಾರಿ ಹತ್ತದಿದ್ದರೆ ಕೆಂಪುಕಲ್ಲನ್ನು ತಲೆಹೊರೆಯಲ್ಲಿ ಸಾಗಿಸಬೇಕು, ಆ ಕೂಲಿಯೂ ಅದರಲ್ಲೇ ಹೋಗುತ್ತದೆ. ಜಾಗ ಹೆದ್ದಾರಿಯ ಯಾವ ಬದಿಗೆ ಅಂತಲೂ ನೋಡಿಕೊಳ್ಳಿ. ರಾಷ್ಟ್ರೀಯ ಹೆದ್ದಾರಿ 66 ಆರು ಪಥ ಆದ ಮೇಲೆ ಎದುರು ಕಾಣುವ ಅಂಗಡಿಯಿಂದ ಸಕ್ಕರೆ ತರಲಿಕ್ಕೂ ಅಂಡರ್‌ಪಾಸ್ ಹುಡುಕಿಕೊಂಡು ಹೋಗಬೇಕು. ದಿನಾ ಆಟೋಕ್ಕೆ ಕೊಟ್ಟರೆ ಅದೂ ಒಂದು ಬಾಡಿಗೆಯೇ ಅಲ್ವಾ? ಹಾಗಾಗಿ ಸಭೆಯಲ್ಲಿ ಮನೆ ಮಾತ್ರ ಕೇಳಬೇಡಿ, ಮನೆಗೆ ನಡೆದು ಹೋಗುವ ದಾರಿಯನ್ನೂ ಕೇಳಿ.

ಅದನ್ನೂ "ರಸ್ತೆ ಸರಿ ಮಾಡಿ" ಅಂತ ಬರೆದರೆ ಯಾರೂ ತಿರುಗಿ ನೋಡುವುದಿಲ್ಲ. ನಮ್ಮಲ್ಲಿ ಫುಟ್‌ಪಾತ್ ಅಂದರೆ ಚರಂಡಿಯ ಮೇಲಿನ ಸ್ಲ್ಯಾಬು. ಬಸ್ ಸ್ಟಾಪಿನಿಂದ ನಿಮ್ಮ ತಿರುವಿನವರೆಗೆ ಎಷ್ಟು ಸ್ಲ್ಯಾಬು ಒಡೆದಿದೆ, ಎಷ್ಟು ಕಡೆ ಸ್ಲ್ಯಾಬೇ ಇಲ್ಲ, ಎಣಿಸಿ. ಅಂಗಡಿಯ ಟೇಪು ತೆಗೆದುಕೊಂಡು ಅಗಲ ಅಳೆಯಿರಿ. ರಸ್ತೆ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 2012ರ ಮಾರ್ಗಸೂಚಿಯಲ್ಲಿ ಫುಟ್‌ಪಾತಿನಲ್ಲಿ ನಡೆಯಲು ಕನಿಷ್ಠ 1.8 ಮೀಟರ್ ಅಗಲ ತೆರವಾಗಿರಬೇಕು, ರಸ್ತೆಯಿಂದ ಅದರ ಎತ್ತರ 150 ಮಿಲಿಮೀಟರ್ ಮೀರಬಾರದು ಅಂತಿದೆ. ನಿಮ್ಮ ಅಳತೆಯ ಪಕ್ಕದಲ್ಲಿ ಈ ಅಳತೆಯನ್ನೂ ಬರೆದು, ಅಕ್ಕಪಕ್ಕದ ಹತ್ತು ಮನೆಯವರ ಸಹಿ ಹಾಕಿಸಿ.

ಕನ್ನಡದಲ್ಲೇ ಬರೆಯಿರಿ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ನಮಗೆ ಆ ಹಕ್ಕಿದೆ, ಉತ್ತರವೂ ಕನ್ನಡದಲ್ಲಿ ಬರಬೇಕು. ಒಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಲು ಮಾತ್ರ ಮರೆಯಬೇಡಿ.

ಪ್ರಶ್ನೆ: ದಾರಿ ಬದಿ ಮೀನು, ತರಕಾರಿ ಮಾರುವವರನ್ನು ಎಬ್ಬಿಸಿದರೆ ನಡೆಯಲು ಜಾಗ ಆಗುವುದಿಲ್ಲವೇ?

ಉತ್ತರ: ಹಾಗೆಲ್ಲ ಎಬ್ಬಿಸುವಂತಿಲ್ಲ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಮೊದಲು ಸರ್ವೆ ಆಗಬೇಕು, ಜಾಗ ಗುರುತಿಸುವ ಸಮಿತಿಯಲ್ಲಿ ಶೇ. 40 ಮಂದಿಯಾದರೂ ವ್ಯಾಪಾರಿಗಳೇ ಇರಬೇಕು. ಮೀನಿನ ಬುಟ್ಟಿಗೆ ಬೇಕಾದ್ದು ಎರಡು ಅಡಿ. ಅದರ ಹಿಂದೆ ಸಾಲಾಗಿ ನಿಲ್ಲಿಸಿದ ಬೈಕುಗಳಿಗೆ ಎಷ್ಟು ಬೇಕು ಅಂತ ಒಮ್ಮೆ ಅಳೆದು ನೋಡಿ.