ಸೋಡಿಯಂ ಸುಮ್ನೆ ಎಲೆಕ್ಟ್ರಾನ್ ಕೊಡುವುದಿಲ್ಲ

ಪ್ರಶ್ನೆ: ಎಲೆಕ್ಟ್ರಾನ್ ಕೊಟ್ಟು ತಗೊಂಡರೆ ಅಯಾನಿಕ ಬಂಧ, ಹಂಚಿಕೊಂಡರೆ ಸಹವೇಲೆನ್ಸೀಯ ಬಂಧ. ಇಷ್ಟನ್ನು ಬಾಯಿಪಾಠ ಮಾಡಿದ್ದೇನೆ. ಆದರೆ ಸೋಡಿಯಂ ತನ್ನ ಎಲೆಕ್ಟ್ರಾನನ್ನು ಕ್ಲೋರಿನ್‌ಗೆ ಯಾಕೆ ಕೊಡಬೇಕು? ಹೊರಗಿನ ಕವಚದಲ್ಲಿ ಎಂಟು ಇರಲೇಬೇಕು ಅಂತ ಅದಕ್ಕೇನು ಹಟವಾ? ಯಾವುದು ಕೊಡುತ್ತದೆ, ಯಾವುದು ಹಂಚಿಕೊಳ್ಳುತ್ತದೆ ಅಂತ ಗೊತ್ತಾಗುವುದು ಹೇಗೆ?
— ಕಾಲೇಜು ವಿದ್ಯಾರ್ಥಿನಿ

ಉತ್ತರ: ಈ 'ಯಾಕೆ' ಕೇಳಿದ್ದು ತುಂಬ ಒಳ್ಳೆಯದಾಯಿತು. ಎಂಟು ಆಗಬೇಕು ಅನ್ನುವ ಆಸೆ ಯಾವ ಪರಮಾಣುವಿಗೂ ಇಲ್ಲ. ಸೋಡಿಯಂ ಖುಷಿಯಿಂದ ಕೊಡುವುದೂ ಇಲ್ಲ. ಲೆಕ್ಕ ನೋಡಿ. ಒಂದು ಮೋಲ್ (ಪರಮಾಣು, ಅಣುಗಳನ್ನು ಎಣಿಸಲು ಬಳಸುವ ಒಂದು ದೊಡ್ಡ ನಿಗದಿತ ಸಂಖ್ಯೆ) ಬಿಡಿ ಸೋಡಿಯಂ ಪರಮಾಣುಗಳಿಂದ ಒಂದೊಂದು ಎಲೆಕ್ಟ್ರಾನ್ ಕೀಳಲು ಸುಮಾರು 496 ಕಿಲೋಜೂಲ್ ಶಕ್ತಿ ಬೇಕು. ಅಷ್ಟೂ ಎಲೆಕ್ಟ್ರಾನ್‌ಗಳನ್ನು ಕ್ಲೋರಿನ್ ಪರಮಾಣುಗಳು ಸೇರಿಸಿಕೊಂಡಾಗ ಹೊರಗೆ ಬರುವುದು ಸುಮಾರು 349 ಮಾತ್ರ. ಅಂದರೆ ಬರೀ ಕೊಡು-ಕೊಳ್ಳುವುದರಲ್ಲಿ 147 ಕಿಲೋಜೂಲ್ ನಷ್ಟ! ಇಲ್ಲಿಗೇ ನಿಂತಿದ್ದರೆ ಉಪ್ಪು ಅನ್ನುವ ವಸ್ತುವೇ ಇರುತ್ತಿರಲಿಲ್ಲ.

ಲಾಭ ಬರುವುದು ಆಮೇಲೆ. ಎಲೆಕ್ಟ್ರಾನ್ ಕಳೆದುಕೊಂಡ ಸೋಡಿಯಂ ಪ್ಲಸ್ ಅಯಾನು, ಪಡೆದುಕೊಂಡ ಕ್ಲೋರಿನ್ ಮೈನಸ್ ಅಯಾನು. ಪ್ಲಸ್ಸು ಮೈನಸ್ಸು ಒಂದನ್ನೊಂದು ಸೆಳೆಯುತ್ತವೆ, ಹತ್ತಿರ ಬಂದು ಸಾಲುಸಾಲಾಗಿ ಜೋಡಿಸಿಕೊಳ್ಳುತ್ತವೆ, ಆ ಜೋಡಣೆಯಲ್ಲಿ ಸುಮಾರು 787 ಕಿಲೋಜೂಲ್ ಹೊರಬರುತ್ತದೆ. ಗಟ್ಟಿ ಸೋಡಿಯಂ ಅನ್ನು ಬಿಡಿಬಿಡಿ ಮಾಡಲು ಮತ್ತು ಕ್ಲೋರಿನ್ ಅಣುವನ್ನು ಒಡೆಯಲು ಬೇಕಾದ ಸುಮಾರು 229ನ್ನೂ, ಮೊದಲಿನ 147ರ ನಷ್ಟವನ್ನೂ ಕಳೆದ ಮೇಲೂ 411 ಉಳಿಯುತ್ತದೆ. ಉಪ್ಪು ಆಗುವುದು ಈ ಉಳಿಕೆಯಿಂದ.

ಹಾಗಾದರೆ ಸೋಡಿಯಂ ಎರಡನೇ ಎಲೆಕ್ಟ್ರಾನನ್ನೂ ಯಾಕೆ ಕೊಡುವುದಿಲ್ಲ? ಅದನ್ನು ಕೀಳಲು 4562 ಕಿಲೋಜೂಲ್ ಬೇಕು. ಒಳಗಿನ ಕವಚಕ್ಕೆ ಕೈ ಹಾಕಬೇಕಾಗುತ್ತದೆ, ಯಾವ ಜೋಡಣೆಯೂ ಅಷ್ಟು ಖರ್ಚನ್ನು ತೂಗಿಸುವುದಿಲ್ಲ. ಎಂಟರ ನಿಯಮದ ಹಿಂದೆ ಇರುವುದು ಇಂಥ ಲೆಕ್ಕಗಳೇ. ಅದು ಕಾರಣ ಅಲ್ಲ, ಫಲಿತಾಂಶ. ಪಾಠದಲ್ಲಿ ಇದನ್ನು ತಿರುಗಾಮುರುಗಾ ಹೇಳಿಕೊಡುತ್ತಾರೆ ಅನ್ನುವುದು ನನ್ನ ದೊಡ್ಡ ಬೇಸರ.

ಇನ್ನೊಂದು ಮಾತು. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ, ಒಂದು ಕ್ಲೋರಿನ್ ಜೋಡಿ ಕಟ್ಟಿಕೊಂಡು ಕೂತಿರುವುದಿಲ್ಲ. ಪ್ರತಿ ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿ ಕ್ಲೋರಿನ್ ಸುತ್ತ ಆರು ಸೋಡಿಯಂ. 'ಉಪ್ಪಿನ ಅಣು' ಅಂತ ಹರಳಿನಲ್ಲಿ ಬೊಟ್ಟು ಮಾಡಿ ತೋರಿಸಲು ಏನೂ ಇಲ್ಲ. NaCl ಅನ್ನುವ ಸೂತ್ರ ಹೇಳುವುದು ಒಂದಕ್ಕೆ ಒಂದು ಅನ್ನುವ ಪ್ರಮಾಣವನ್ನಷ್ಟೇ. ಸೆಳೆತ ಎಲ್ಲಾ ದಿಕ್ಕಿಗೂ ಇರುವುದರಿಂದಲೇ ಅದನ್ನು ಬರೀ ಕಾಯಿಸಿ ಕರಗಿಸಲು 801 ಡಿಗ್ರಿ ಸೆಲ್ಸಿಯಸ್ ಬೇಕು.

ಈಗ ಹಂಚಿಕೆ. ಎರಡು ಹೈಡ್ರೋಜನ್ ಪರಮಾಣು ತಗೊಳ್ಳಿ. ಎರಡೂ ಒಂದೇ ಥರ, ಎಲೆಕ್ಟ್ರಾನ್ ಮೇಲೆ ಎರಡಕ್ಕೂ ಸಮಾನ ಸೆಳೆತ. ಯಾರೂ ಯಾರಿಂದಲೂ ಕಿತ್ತುಕೊಳ್ಳುವ ಹಾಗಿಲ್ಲ. ಆಗ ಎರಡು ಎಲೆಕ್ಟ್ರಾನ್‌ಗಳೂ ಎರಡು ನ್ಯೂಕ್ಲಿಯಸ್‌ಗಳ (ಪರಮಾಣುವಿನ ನಟ್ಟನಡುವಿನ ಪ್ಲಸ್ ತಿರುಳು) ನಡುವಿನ ಜಾಗದಲ್ಲಿ ಜಾಸ್ತಿ ಸುಳಿದಾಡುತ್ತವೆ, ಎರಡೂ ನ್ಯೂಕ್ಲಿಯಸ್‌ಗಳು ಆ ನಡುವಿನ ಮೈನಸ್ ಕಡೆಗೆ ಸೆಳೆಯಲ್ಪಡುತ್ತವೆ. ಇಲ್ಲೂ ಪ್ಲಸ್ಸು ಮೈನಸ್ಸಿನ ಸೆಳೆತವೇ, ಗಮನಿಸಿದಿರಾ? ತೀರಾ ಹತ್ತಿರ ಬಂದರೆ ಎರಡು ಪ್ಲಸ್‌ಗಳು ತಳ್ಳಾಡುತ್ತವೆ. ಆದ್ದರಿಂದ 74 ಪಿಕೋಮೀಟರ್ ದೂರದಲ್ಲಿ ಅವು ನೆಲೆ ನಿಲ್ಲುತ್ತವೆ. ಒಂದು ಜೋಡಿ ಎಲೆಕ್ಟ್ರಾನ್ ಹಂಚಿಕೊಳ್ಳುವುದೇ ಬಂಧ ಅನ್ನುವ ಯೋಚನೆಯನ್ನು ರಸಾಯನ ವಿಜ್ಞಾನಿ ಗಿಲ್ಬರ್ಟ್ ಲೂಯಿಸ್ 1916ರಲ್ಲಿ ಮುಂದಿಟ್ಟರು. ಆದರೆ ಹಂಚಿಕೊಂಡರೆ ಶಕ್ತಿ ಯಾಕೆ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಸರಿಯಾದ ಲೆಕ್ಕ ಸಿಕ್ಕಿದ್ದು 1927ರಲ್ಲಿ, ಹೈಟ್ಲರ್ ಮತ್ತು ಲಂಡನ್ ಎಂಬ ಇಬ್ಬರು ಭೌತವಿಜ್ಞಾನಿಗಳು ಕ್ವಾಂಟಂ ಸಿದ್ಧಾಂತವನ್ನು ಹೈಡ್ರೋಜನ್ ಅಣುವಿಗೆ ಹಚ್ಚಿ ನೋಡಿದಾಗ.

ಯಾವುದು ಕೊಡುತ್ತದೆ, ಯಾವುದು ಹಂಚಿಕೊಳ್ಳುತ್ತದೆ ಅನ್ನುವುದು ಹಗ್ಗಜಗ್ಗಾಟದ ಥರ. ಬಂಧದ ಎಲೆಕ್ಟ್ರಾನ್‌ಗಳನ್ನು ತನ್ನ ಕಡೆ ಎಳೆದುಕೊಳ್ಳುವ ಬಲಕ್ಕೆ ಎಲೆಕ್ಟ್ರೋನೆಗೆಟಿವಿಟಿ ಅನ್ನುತ್ತಾರೆ, ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1932ರಲ್ಲಿ ಅದಕ್ಕೆ ಅಂಕಿ ಕೊಟ್ಟರು. ಈಗಿನ ಪಟ್ಟಿಯಲ್ಲಿ ಸೋಡಿಯಂ 0.93, ಹೈಡ್ರೋಜನ್ 2.20, ಕ್ಲೋರಿನ್ 3.16, ಫ್ಲೋರಿನ್ 3.98. ವ್ಯತ್ಯಾಸ 1.7 ದಾಟಿದರೆ ಅಯಾನಿಕ ಅನ್ನುವ ಗೆರೆಯೊಂದನ್ನು ಹೇಳಿಕೊಡುತ್ತಾರೆ. ಅದನ್ನು ಅಂದಾಜಿಗೆ ಇಟ್ಟುಕೊಳ್ಳಿ, ನಂಬಿ ಕೂರಬೇಡಿ. ಹೈಡ್ರೋಜನ್ ಫ್ಲೋರೈಡ್‌ನಲ್ಲಿ ವ್ಯತ್ಯಾಸ 1.78. ಆದರೂ ಅದು ಹರಳುಗಟ್ಟಿದ ಉಪ್ಪಲ್ಲ, ಸುಮಾರು 20 ಡಿಗ್ರಿಗೇ ಕುದಿಯುವ, ಬಿಡಿ ಅಣುಗಳ ವಸ್ತು. ಪೂರ್ತಿ ಕೊಡುವುದು, ಸಮ ಹಂಚಿಕೊಳ್ಳುವುದು, ಇವೆರಡೂ ಎರಡು ತುದಿಗಳು. ಬಹಳಷ್ಟು ಬಂಧಗಳು ಇರುವುದು ನಡುವೆಯೇ.

ಪ್ರಶ್ನೆ: ಉಪ್ಪಿನ ಹರಳಿಗೆ ಸುತ್ತಿಗೆಯಿಂದ ಹೊಡೆದರೆ ಪುಡಿಯಾಗುತ್ತದೆ, ತಾಮ್ರಕ್ಕೆ ಹೊಡೆದರೆ ಚಪ್ಪಟೆಯಾಗುತ್ತದೆ. ಎರಡರಲ್ಲೂ ಬಂಧ ಗಟ್ಟಿ ಇದೆ ಅಲ್ವಾ? ಮಗ ಕೇಳಿದ, ಉತ್ತರ ತೋಚಲಿಲ್ಲ.
— ಒಬ್ಬ ತಾಯಿ

ಉತ್ತರ: ಮಗ ಚೆನ್ನಾಗಿ ಗಮನಿಸಿದ್ದಾನೆ. ತಾಮ್ರದಲ್ಲಿ ಹೊರಗಿನ ಎಲೆಕ್ಟ್ರಾನ್‌ಗಳು ಇಂಥ ಪರಮಾಣುವಿನದು ಅಂತ ಇರುವುದಿಲ್ಲ, ಇಡೀ ತುಂಡಿಗೆ ಸೇರಿದವು. ಪ್ಲಸ್ ಅಯಾನುಗಳ ಸಾಲುಗಳ ನಡುವೆ ಎಲೆಕ್ಟ್ರಾನ್‌ಗಳು ಎಲ್ಲೆಡೆ ಹರಡಿಕೊಂಡಿರುತ್ತವೆ, ಅವೇ ಎಲ್ಲವನ್ನೂ ಹಿಡಿದಿಡುತ್ತವೆ. ಇದು ಲೋಹೀಯ ಬಂಧ. ಹೊಡೆದಾಗ ಒಂದು ಪದರ ಇನ್ನೊಂದರ ಮೇಲೆ ಜರುಗಿದರೂ ಎಲೆಕ್ಟ್ರಾನ್‌ಗಳು ಅಲ್ಲೂ ಇರುತ್ತವೆ, ಹಿಡಿತ ತಪ್ಪುವುದಿಲ್ಲ. ತಾಮ್ರದಲ್ಲಿ ವಿದ್ಯುತ್ ಸಲೀಸಾಗಿ ಹರಿಯುವುದೂ ಇವುಗಳಿಂದಲೇ. ಉಪ್ಪಿನಲ್ಲಿ ಹಾಗಲ್ಲ. ಪದರ ಒಂದು ಹೆಜ್ಜೆ ಜರುಗಿದರೆ ಸಾಕು, ಪ್ಲಸ್ ಎದುರು ಪ್ಲಸ್, ಮೈನಸ್ ಎದುರು ಮೈನಸ್ ಬಂದು ನಿಲ್ಲುತ್ತದೆ. ಸೆಳೆಯುತ್ತಿದ್ದವು ತಳ್ಳತೊಡಗುತ್ತವೆ, ಹರಳು ಸೀಳುತ್ತದೆ. ಬಿಳಿ ಹಾಳೆಯ ಮೇಲೆ ಪ್ಲಸ್ಸು ಮೈನಸ್ಸುಗಳನ್ನು ಸರದಿಯಲ್ಲಿ ಎರಡು ಸಾಲು ಬರೆಯಿರಿ. ಹಾಳೆ ಕತ್ತರಿಸಿ ಒಂದು ಸಾಲನ್ನು ಒಂದೇ ಮನೆ ಸರಿಸಿ ತೋರಿಸಿ. ಅವನಿಗೆ ತಟ್ಟನೆ ಹೊಳೆಯುತ್ತದೆ.

ಪ್ರಶ್ನೆ: ಬಂಧ ಮುರಿದರೆ ಶಕ್ತಿ ಬರುತ್ತದೆ, ಇಂಧನ ಉರಿಯುವುದು ಹಾಗೇ ಅಲ್ವಾ?

ಉತ್ತರ: ಅಲ್ಲ. ಬಂಧ ಮುರಿಯಲು ಯಾವಾಗಲೂ ಶಕ್ತಿ ಹಾಕಲೇಬೇಕು, ಅಂಟಿಕೊಂಡ ಎರಡು ಅಯಸ್ಕಾಂತ ಬಿಡಿಸಿದ ಹಾಗೆ. ಶಕ್ತಿ ಬರುವುದು ಹೊಸ ಬಂಧ ಕಟ್ಟಿಕೊಂಡಾಗ. ಎರಡು ಮೋಲ್ ಹೈಡ್ರೋಜನ್, ಒಂದು ಮೋಲ್ ಆಮ್ಲಜನಕದ ಬಂಧ ಮುರಿಯಲು ಸುಮಾರು 1370 ಕಿಲೋಜೂಲ್ ಬೇಕು. ನೀರಿನ ಬಂಧಗಳು ಕಟ್ಟಿಕೊಂಡಾಗ ಸುಮಾರು 1850 ಬರುತ್ತದೆ. ಉರಿಯ ಶಾಖ ಅಂದರೆ ಆ ಹೆಚ್ಚಿನ 480.

ಪ್ರಶ್ನೆ: ನೀರು ಕುದಿಯುವಾಗ ಏಳುವ ಗುಳ್ಳೆಗಳಲ್ಲಿ ಹೈಡ್ರೋಜನ್, ಆಮ್ಲಜನಕ ಇರುತ್ತವಾ?
— ಹೈಸ್ಕೂಲ್ ವಿದ್ಯಾರ್ಥಿ

ಉತ್ತರ: ಇಲ್ಲ, ಅದು ನೀರಿನ ಆವಿಯೇ. ಅಣುವಿನ ಒಳಗಿನ ಬಂಧ ಬೇರೆ, ಅಣು ಅಣುವಿನ ನಡುವಿನ ಸೆಳೆತ ಬೇರೆ. ಒಳಗಿನ ಒಂದೊಂದು ಬಂಧ ಮುರಿಯಲು ಮೋಲ್‌ಗೆ ಸುಮಾರು 463 ಕಿಲೋಜೂಲ್ ಬೇಕು, ಒಲೆಯ ಮೇಲಿನ ನೀರಿನಲ್ಲಿ ಅದು ಆಗದ ಮಾತು. ಮುರಿಯುವುದು ಅಣುಗಳ ನಡುವಿನ ಹೈಡ್ರೋಜನ್ ಬಂಧ (ಒಂದು ಅಣುವಿನ ಹೈಡ್ರೋಜನ್‌ಗೂ ಪಕ್ಕದ ಅಣುವಿನ ಆಮ್ಲಜನಕಕ್ಕೂ ಇರುವ ಸೆಳೆತ), ಅದಕ್ಕೆ ಸುಮಾರು 20 ಸಾಕು. ಹಾಗಂತ ಅದನ್ನು ಹಗುರವಾಗಿ ಕಾಣಬೇಡಿ. ನೀರಿನದೇ ಆಕಾರದ, ನೀರಿಗಿಂತ ಭಾರದ ಅಣು ಹೈಡ್ರೋಜನ್ ಸಲ್ಫೈಡ್. ಅದರಲ್ಲಿ ಈ ಬಂಧ ತೀರಾ ದುರ್ಬಲ, ಹಾಗಾಗಿ ಮೈನಸ್ 60 ಡಿಗ್ರಿಗೇ ಕುದಿದುಬಿಡುತ್ತದೆ. ನೀರು ಹೆಪ್ಪುಗಟ್ಟುವಾಗ ಇದೇ ಬಂಧ ಅಣುಗಳನ್ನು ಸ್ವಲ್ಪ ದೂರದೂರ ನಿಲ್ಲಿಸಿ ನಡುವೆ ಖಾಲಿ ಜಾಗ ಬಿಡುತ್ತದೆ. ಮಂಜುಗಡ್ಡೆ ತೇಲುವುದು ಅದಕ್ಕೇ.