‘ಏನೂ ಇಲ್ಲ’ ಅನ್ನುವುದು ಉತ್ತರವಲ್ಲ

ಶಿರಸಿಯ ಅಕ್ಕನಿಗೆ,

ಹೋದ ಮಳೆಗಾಲದಲ್ಲಿ ಕುಮಟಾಕ್ಕೆ ಹೊರಟಾಗ ದೇವಿಮನೆ ಘಟ್ಟದಲ್ಲಿ, ಬಸ್ಸಿನೊಳಗೇ ಎದೆ ಡವಡವ ಹೊಡೆದುಕೊಂಡು, ಕೈ ಜುಮ್ಮೆಂದು, ಸತ್ತೇ ಹೋಗುತ್ತೇನೆ ಅನ್ನಿಸಿತು ಅಂತ ಬರೆದಿದ್ದೀರಿ. ಇಸಿಜಿ ಸರಿ ಇದೆ. ಮನೆಯವರು ‘ಏನೂ ಇಲ್ಲ, ಧೈರ್ಯ ತಗೋ’ ಅನ್ನುತ್ತಾರೆ, ಅತ್ತೆ ನೂಲು ಕಟ್ಟಿಸಿದ್ದಾರೆ. ಆಮೇಲೆ ನೀವು ಘಟ್ಟ ಇಳಿದಿಲ್ಲ. ಇದು ಹುಚ್ಚಿನ ಶುರುವಾ, ಮಾತ್ರೆ ಜೀವನಪೂರ್ತಿ ಬೇಕಾಗುತ್ತದಾ ಅಂತ ಕೇಳಿದ್ದೀರಿ.

ಹುಚ್ಚಲ್ಲ. ಆದರೆ ‘ಏನೂ ಇಲ್ಲ’ ಅನ್ನುವುದೂ ಸರಿಯಲ್ಲ. ನೀವು ಹೇಳಿದ್ದು ದಿಢೀರನೆ ವಿಪರೀತ ಭಯ ಮುತ್ತುವ ಪ್ಯಾನಿಕ್ ಅಟ್ಯಾಕ್‌ನಂತಿದೆ, ಖಚಿತ ಮಾಡಬೇಕಾದವರು ಮನೋವೈದ್ಯರು. ತೋಟದಲ್ಲಿ ಹಾವು ಕಂಡರೆ ಮೈ ಹೇಗೆ ಓಡಲು ಸಜ್ಜಾಗುತ್ತದೋ, ಹಾವಿಲ್ಲದೆಯೂ ಹಾಗೇ ಆಗುತ್ತದೆ. ಉಸಿರು ಜೋರಾಗಿ ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಇಳಿಯುತ್ತದೆ, ಕೈ ಜುಮ್ಮೆನ್ನುವುದು ಅದಕ್ಕೇ. ಸಾಮಾನ್ಯವಾಗಿ 10 ನಿಮಿಷದೊಳಗೆ ತುದಿಗೇರಿ ತಾನಾಗಿ ಇಳಿಯುತ್ತದೆ. ಥೈರಾಯ್ಡ್ ಪರೀಕ್ಷೆ ಆಗಿಲ್ಲದಿದ್ದರೆ ಮಾಡಿಸಿ, ಅದು ಜಾಸ್ತಿಯಾದರೂ ಎದೆ ಹೀಗೇ ಹೊಡೆದುಕೊಳ್ಳುತ್ತದೆ.

ನನಗೆ ಜಾಸ್ತಿ ಚಿಂತೆಯಾಗಿದ್ದು ನೀವು ಬಸ್ಸು ಬಿಟ್ಟದ್ದಕ್ಕೆ. ಹೋಗದಿದ್ದರೆ ಆ ಹೊತ್ತಿಗೆ ನೆಮ್ಮದಿ, ನಿಜ, ಆದರೆ ಹೋದರೂ ಏನೂ ಆಗುವುದಿಲ್ಲ ಅಂತ ಮನಸ್ಸಿಗೆ ತಿಳಿಯುವ ಅವಕಾಶವೇ ಸಿಗುವುದಿಲ್ಲ, ಹಾಗಾಗಿ ಇವತ್ತು ಘಟ್ಟ, ನಾಳೆ ಪೇಟೆ, ಆಮೇಲೆ ಮದುವೆಮನೆ ಅಂತ ಭಯ ಹಬ್ಬುತ್ತಾ ಹೋಗುತ್ತದೆ. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆ ಇದನ್ನೇ ಹಿಡಿದು ಕೆಲಸ ಮಾಡುತ್ತದೆ. ಮೊದಲು ನಿಂತ ಬಸ್ಸಿನಲ್ಲಿ ಕೂರುವುದು, ಆಮೇಲೆ ಅದೇ ದಾರಿಯಲ್ಲಿ ಸಿಗುವ ರಾಗಿಹೊಸಳ್ಳಿಯವರೆಗೆ ಹೋಗುವುದು, ಭಯ ಬಂದರೂ ಅದು ಇಳಿಯುವವರೆಗೆ ಎದ್ದು ಬರದೇ ಇರುವುದು. ನಿಧಾನ, ಆದರೆ ಫಲ ಉಳಿಯುತ್ತದೆ.

ಇನ್ನು ಮಾತ್ರೆ. ಎಲ್ಲವೂ ಒಂದೇ ಅಲ್ಲ. ಎಸ್ಸಿಟಾಲೋಪ್ರಾಮ್, ಸರ್ಟ್ರಾಲಿನ್ ತರಹದವು ಚಟ ಹಿಡಿಸುವುದಿಲ್ಲ. ಕೆಲಸ ಶುರುಮಾಡಲು 2ರಿಂದ 6 ವಾರ ಬೇಕು, ಮೊದಮೊದಲು ಹೊಟ್ಟೆ ತೊಳೆಸಬಹುದು, ಚಡಪಡಿಕೆಯೂ ಆಗಬಹುದು. ಬಹಳಷ್ಟು ಜನ ಇಲ್ಲೇ ಬಿಟ್ಟುಬಿಡುತ್ತಾರೆ. ಗುಣವಾದ ಮೇಲೂ ಕೆಲವು ತಿಂಗಳು ತೆಗೆದುಕೊಂಡು, ಡಾಕ್ಟರ್ ಹೇಳಿದಂತೆ ಮೆಲ್ಲಗೆ ಕಡಿಮೆ ಮಾಡಬೇಕು. ಹೆಚ್ಚಿನವರಿಗೆ ಜೀವನಪೂರ್ತಿ ಬೇಕಾಗುವುದಿಲ್ಲ. ಅಲ್ಪ್ರಾಜೋಲಾಮ್ ಬೇರೆ ಜಾತಿ. ಭಯವನ್ನು ಬೇಗ ಇಳಿಸುತ್ತದೆ, ಆದರೆ ಚಟವೂ ಆಗುತ್ತದೆ. ಪಕ್ಕದ ಮನೆಯವರು ಕೊಟ್ಟರೆಂದು ಸುಮ್ನೆ ನುಂಗಬೇಡಿ.

ಕಾರವಾರದ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋಗಿ ಅನ್ನಬಹುದಿತ್ತು, ಆದರೆ ಅದಕ್ಕೂ ಘಟ್ಟ ಇಳಿಯಬೇಕಲ್ವಾ! ಮೊದಲು 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮನಸ್ ಸಹಾಯವಾಣಿ, ಉಚಿತ, ಹಗಲುರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಹತ್ತಿರದಲ್ಲಿ ಮನೋವೈದ್ಯರು ಎಲ್ಲಿ, ಯಾವ ದಿನ ಸಿಗುತ್ತಾರೆ ಅಂತ ಅಲ್ಲೇ ಕೇಳಿ. ನೂಲು ಕೈಯಲ್ಲಿದ್ದರೆ ಇರಲಿ, ಅತ್ತೆಯ ಜೊತೆ ಜಗಳ ಬೇಡ. ಮನೆಯವರಿಗೆ ಈ ಉತ್ತರ ಓದಲು ಕೊಡಿ, ಡಾಕ್ಟರ ಹತ್ತಿರ ಮೊದಲ ಸಲ ಅವರೂ ಜೊತೆಗೆ ಬರಲಿ.

– ಸಂ.